ಹೇಳಿ ಆದ ಮೇಲೆ ಮೂರು ಎಣಿಸಿ

ಮೊದಲ ಕೆಲಸದಲ್ಲೇ ನಾನು ಒಬ್ಬರ ತೋಟದ ಅಡಿಕೆ ಉದುರಿಸಿದವಳು. ಮರ ಹತ್ತಿ ಅಲ್ಲ, ಒಂದು ಹಾಳೆ ಬರೆದು.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಓದಿ ಊರಿಗೆ ಬಂದಿದ್ದೆ. ಶಿರಸಿಯ ಒಂದು ಸಂಸ್ಥೆಯಲ್ಲಿ ರೈತರಿಗೆ ಕರಪತ್ರ ಬರೆಯುವ ಕೆಲಸ ಸಿಕ್ಕಿತು. ಮೇ ತಿಂಗಳು. ಮಳೆ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಮದ್ದು ಹೊಡೆಯಬೇಕು, ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ ಒಂದು ಹಾಳೆ ಬೇಕು ಎಂದರು. ನಾನು ಬರೆದದ್ದು ಹೀಗೆ: ‘ಒಂದು ಕೆ.ಜಿ. ಮೈಲುತುತ್ತ ಹಾಗೂ ಒಂದು ಕೆ.ಜಿ. ಸುಣ್ಣವನ್ನು ಪ್ರತ್ಯೇಕವಾಗಿ 100 ಲೀಟರ್ ನೀರಿನಲ್ಲಿ ಕರಗಿಸಿ ಮಿಶ್ರಣ ಮಾಡತಕ್ಕದ್ದು.’ ‘ಮಾಡತಕ್ಕದ್ದು’ ಅಂತ ಬರೆದದ್ದಕ್ಕೆ ನನಗೇ ಒಳಗೊಳಗೆ ಖುಷಿ. ಎಂ.ಎ. ಓದಿದವಳು ಬರೆದ ಹಾಗೆ ಕಾಣಬೇಕಲ್ವಾ!

ಆಗಸ್ಟ್‌ನಲ್ಲಿ ಒಬ್ಬ ಅಜ್ಜ ಬಂದರು. ಕೈಚೀಲದಿಂದ ಕೊಳೆತ ಎಳೆ ಅಡಿಕೆ ತೆಗೆದು ನನ್ನ ಟೇಬಲ್ ಮೇಲೆ ಸುರಿದರು. ‘ತಂಗೀ, ನೀ ಬರೆದ ಹಾಗೇ ಮಾಡಿದ್ದೆ’ ಎಂದರು. ಸಿಟ್ಟು ಮಾಡಲಿಲ್ಲ, ಅದೇ ಕಷ್ಟ. ಅವರು ಎರಡು ಡ್ರಮ್ ಇಟ್ಟು, ಮೈಲುತುತ್ತಕ್ಕೆ ನೂರು ಲೀಟರ್, ಸುಣ್ಣಕ್ಕೆ ನೂರು ಲೀಟರ್ ನೀರು ಹಾಕಿದ್ದರು. ‘ಪ್ರತ್ಯೇಕವಾಗಿ ಅಂದಿದ್ದೆಯಲ್ಲ?’ ಎಂದು ಕೇಳಿದರು. ಹೌದು, ಅಂದಿದ್ದೆ. ನೂರು ಲೀಟರಿನಲ್ಲಿ ಇರಬೇಕಾದ ಮದ್ದು ಇನ್ನೂರು ಲೀಟರಿಗೆ ಹಂಚಿಹೋಗಿತ್ತು. ಕೊಳೆ ಬರಲು ಅದೊಂದೇ ಕಾರಣ ಎನ್ನಲಾರೆ, ಆ ವರ್ಷ ಮಳೆ ಬಿಟ್ಟೇ ಇರಲಿಲ್ಲ. ಆದರೆ ನಾನು ಬರೆದ ವಾಕ್ಯ ಅವರು ಓದಿದ ಹಾಗೂ ಇತ್ತು. ತಪ್ಪು ಓದಿದ್ದಲ್ಲ ಅವರು.

ಸಂವಹನ ಓದಿದರೆ ಏನು ಉಪಯೋಗ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ನನಗೆ ಉಪಯೋಗ ಶುರುವಾದದ್ದು ಆ ಟೇಬಲ್ ಮೇಲೆ. ಆಮೇಲೆ ಅದನ್ನೇ ಕಚೇರಿಯಲ್ಲಿ, ಮನೆಯಲ್ಲಿ, ಈಗ ಕಾರವಾರದ ಕಾಲೇಜಿನಲ್ಲಿ ಬಳಸುತ್ತಾ ಬಂದಿದ್ದೇನೆ. ಓದದವರೂ ಬಳಸಬಹುದು. ಹೇಗೆ ಅಂತ ಬರೆಯುತ್ತೇನೆ.

ಮೊದಲು ಹಾಳೆ ಸರಿ ಮಾಡಿ

ಓದುವಾಗ ಕ್ಲಾಡ್ ಶಾನನ್ ಅಂತ ಒಬ್ಬರ ನಕ್ಷೆ ಬಿಡಿಸಿ ಬಿಡಿಸಿ ಕೈ ನೋಯುತ್ತಿತ್ತು. ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಾಲಯದ ಎಂಜಿನಿಯರ್. 1948ರಲ್ಲಿ ಅವರು ಹಾಕಿಕೊಟ್ಟ ನಕ್ಷೆ: ಒಂದು ಕಡೆ ಕಳಿಸುವವರು, ಇನ್ನೊಂದು ಕಡೆ ಪಡೆಯುವವರು, ನಡುವೆ ತಂತಿ, ತಂತಿಯಲ್ಲಿ ಗದ್ದಲ. ಪರೀಕ್ಷೆಗೆ ಇಷ್ಟು ಸಾಕಿತ್ತು. ಶಾನನ್ ಅರ್ಥದ ಗೊಡವೆಗೇ ಹೋಗಿರಲಿಲ್ಲ ಎಂಬುದನ್ನು ನಾನು ಸರಿಯಾಗಿ ಗಮನಿಸಿರಲಿಲ್ಲ. ತಂತಿಯ ಈ ತುದಿಯಿಂದ ಹೋದದ್ದು ಆ ತುದಿಗೆ ಹಾಗೇ ತಲುಪಿತಾ, ಅವರ ಲೆಕ್ಕ ಅಷ್ಟೇ. ನನ್ನ ಕರಪತ್ರ ಆ ಲೆಕ್ಕದಲ್ಲಿ ಪಾಸ್. ಒಂದಕ್ಷರ ಕೆಡದೆ ಅಜ್ಜನ ಮನೆ ತಲುಪಿತ್ತಲ್ಲ!

ಆಮೇಲೆ 1954ರಲ್ಲಿ ವಿಲ್ಬರ್ ಶ್ರಾಮ್ ಎಂಬ ಅಮೆರಿಕದ ಸಂವಹನ ವಿದ್ವಾಂಸರು ಎರಡು ವೃತ್ತ ಬರೆದರು. ಒಂದು ಹೇಳುವವರ ಅನುಭವ, ಇನ್ನೊಂದು ಕೇಳುವವರದ್ದು. ಎರಡೂ ಒಂದರ ಮೇಲೊಂದು ಬರುವಷ್ಟು ಜಾಗದಲ್ಲಿ ಮಾತ್ರ ಮಾತು ತಿಳಿಯುತ್ತದೆ. ನನಗೆ ಡ್ರಮ್ಮಿನ ಅನುಭವ ಇರಲಿಲ್ಲ, ಅಜ್ಜನಿಗೆ ‘ತಕ್ಕದ್ದು’ವಿನ ಅನುಭವ ಇರಲಿಲ್ಲ.

ಮುಂದಿನ ವರ್ಷ ಹಾಳೆಯನ್ನು ಬೇರೆ ಥರ ಮಾಡಿದೆ. ಕೆಲಸ ನಡೆಯುವ ಕ್ರಮದಲ್ಲೇ ಬರೆದೆ. ‘ಎರಡು ಪ್ಲಾಸ್ಟಿಕ್ ಡ್ರಮ್ ತಗೊಳ್ಳಿ. ಒಂದಕ್ಕೆ 50 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ. ಇನ್ನೊಂದಕ್ಕೆ 50 ಲೀಟರ್ ನೀರು, 1 ಕೆ.ಜಿ. ಸುಣ್ಣ. ಸುಣ್ಣದ ನೀರು ಸೋಸಿ. ಮೈಲುತುತ್ತದ ನೀರನ್ನು ನಿಧಾನ ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಿ. ಒಟ್ಟು 100 ಲೀಟರ್ ಆಗಬೇಕು.’ ಒಂದು ವಾಕ್ಯಕ್ಕೆ ಒಂದೇ ಕೆಲಸ. ಕೊನೆಗೆ ಪರೀಕ್ಷೆ: ‘ಉಜ್ಜಿ ಹೊಳಪು ಬಂದ ಕತ್ತಿಯ ಅಲಗನ್ನು ಒಂದು ನಿಮಿಷ ಅದ್ದಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಹಾಕಿ.’

ಅಚ್ಚಿಗೆ ಕೊಡುವ ಮೊದಲು ನಮ್ಮ ಊರಿನ ಪಕ್ಕದ ಮನೆಯವರ ಕೈಗೆ ಹಾಳೆ ಕೊಟ್ಟು, ‘ಇದನ್ನು ಓದಿಕೊಂಡು ಮಾಡಿ, ನಾನು ಬಾಯಿ ಬಿಡುವುದಿಲ್ಲ’ ಎಂದೆ. ಅಂಗಳದ ಕಟ್ಟೆ ಮೇಲೆ ಕೂತು ನೋಡಿದೆ. ಬಾಯಿ ಮುಚ್ಚಿ ಕೂರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಎಲ್ಲ ಸರಿ ಹೋಗುತ್ತಿತ್ತು, ಹೊಯ್ಯುವ ಹೊತ್ತಿಗೆ ಅವರು ನಿಂತರು. ಸುಣ್ಣದ ಡ್ರಮ್ಮಿನಲ್ಲಿ ಜಾಗ ಇಲ್ಲ! ಅರುವತ್ತು ಲೀಟರಿನ ಡ್ರಮ್. ಅಲ್ಲಿಗೆ ‘ಸುಣ್ಣಕ್ಕೆ ದೊಡ್ಡ ಡ್ರಮ್ ಇಡಿ’ ಎಂಬ ಸಾಲು ಸೇರಿತು. ಕುರ್ಚಿಯಲ್ಲಿ ಕೂತು ನಾನು ಹತ್ತು ಸಲ ತಿದ್ದಿದ್ದರೂ ಆ ಸಾಲು ಬರುತ್ತಿರಲಿಲ್ಲ.

ಹಾಗಾಗಿ ನಿಮ್ಮ ಕೆಲಸ ಯಾವುದೇ ಇರಲಿ, ಸೂಚನೆ ಬರೆದರೆ ಅದನ್ನು ಮಾಡಬೇಕಾದವರೊಬ್ಬರ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಗುರುತು ಹಾಕಿ. ‘ಇದು ಹೀಗಲ್ಲ’ ಅಂತ ವಿವರಿಸಲು ಹೋಗಬೇಡಿ. ಕರಪತ್ರದ ಜೊತೆ ನೀವು ಎಲ್ಲರ ಮನೆಗೂ ಹೋಗುವುದಿಲ್ಲ.

‘ಅರ್ಥ ಆಯ್ತಾ?’ ಬಿಡಿ

ಬಾಯಿಮಾತಿನ ಸೂಚನೆಗೂ ಇದೇ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ನಮ್ಮಲ್ಲಿ ಬರುವ ಉತ್ತರ ಒಂದೇ: ‘ಆಯ್ತು.’ ಆಗಿಲ್ಲ ಎನ್ನಲು ನಾಚಿಕೆ, ದೊಡ್ಡವರೆದುರು ಸಂಕೋಚ, ಬಸ್ಸಿಗೆ ಹೊತ್ತಾಯಿತು ಎಂಬ ಗಡಿಬಿಡಿ. ಬದಲಿಗೆ ಮರಳಿ ಹೇಳಿಸಿ. ಅದನ್ನೂ ಪರೀಕ್ಷೆಯ ಹಾಗೆ ಕೇಳಬೇಡಿ. ತಪ್ಪಿದ್ದರೆ ನಿಮ್ಮದು ಎನ್ನುವ ಹಾಗೆ ಕೇಳಿ. ‘ನಾನು ಸರಿಯಾಗಿ ಹೇಳಿದೆನೋ ಇಲ್ವೋ, ಮನೆಗೆ ಹೋಗಿ ಮೊದಲು ಏನು ಮಾಡ್ತೀರಿ ಹೇಳಿ ನೋಡುವಾ.’ ಎರಡೇ ನಿಮಿಷದ ಕೆಲಸ. ನನ್ನ ಅನುಭವದಲ್ಲಿ ನಾಲ್ಕು ಸಲದಲ್ಲಿ ಒಂದು ಸಲವಾದರೂ ನಾನು ಹೇಳದೇ ಇದ್ದದ್ದು ಏನಾದರೂ ವಾಪಸ್ ಬರುತ್ತದೆ.

ಕಚೇರಿಯಲ್ಲಿ ಇನ್ನೊಂದು ತೊಡಕು, ಒಪ್ಪಿಗೆಯ ಮಾತುಗಳು. ನಮ್ಮ ಶಿರಸಿ ಕಡೆಯ ‘ಅಡ್ಡಿಲ್ಲೆ’ ನೋಡಿ. ಊಟ ಹೇಗಿತ್ತು ಅಂದರೆ ‘ಅಡ್ಡಿಲ್ಲೆ’, ಅಂದರೆ ಚೆನ್ನಾಗಿತ್ತು. ನಾಳೆ ಬರ್ತೀರಾ ಅಂದರೆ ‘ಅಡ್ಡಿಲ್ಲೆ’, ಅಂದರೆ ಬರುತ್ತೇನೆ. ಹೊಸ ಯೋಜನೆ ಹೇಗಿದೆ ಅಂದರೆ ‘ಅಡ್ಡಿಲ್ಲೆ’, ಅಂದರೆ ದೇವರಿಗೇ ಗೊತ್ತು. ಬಯಲುಸೀಮೆಯಿಂದ ಬಂದ ನಮ್ಮ ಮೇಲಧಿಕಾರಿಯೊಬ್ಬರು ಆರು ತಿಂಗಳು ನಮಗೆ ಯಾವುದರಲ್ಲೂ ಉತ್ಸಾಹ ಇಲ್ಲ ಅಂತಲೇ ತಿಳಿದಿದ್ದರು. ಇನ್ನು ‘ನೋಡುವಾ’ ಅಂದರೆ ಹೆಚ್ಚಾಗಿ ಇಲ್ಲ ಅಂತಲೇ. ಸಭೆ ಮುಗಿಯುವಾಗ ಈ ಪದಗಳ ಮೇಲೆ ಕೆಲಸ ನಿಲ್ಲಿಸಬೇಡಿ. ಯಾರು, ಏನು, ಯಾವ ದಿನ, ಮೂರನ್ನೂ ಒಬ್ಬರ ಬಾಯಿಂದ ಜೋರಾಗಿ ಹೇಳಿಸಿ ಆಮೇಲೆ ಚಹಾ ಕುಡಿಯಿರಿ.

ಇಲ್ಲೊಂದು ಎಚ್ಚರಿಕೆ. ಸಂವಹನ ತರಬೇತಿ ಅಂದ ಕೂಡಲೇ ಯಾರಾದರೂ ಬಂದು, ‘ಮಾತಿನಲ್ಲಿ ಪದದ ಪಾಲು ಬರೀ 7%, ಉಳಿದ 93% ದನಿ ಮತ್ತು ಮುಖಭಾವ’ ಎಂಬ ಸ್ಲೈಡ್ ತೋರಿಸುತ್ತಾರೆ. ನಾನೂ ಒಂದು ತರಬೇತಿಯಲ್ಲಿ ಕೂತು ಕೇಳಿ ಬಂದವಳೇ. ಅದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಮಾಡಿದ ಪ್ರಯೋಗಗಳಿಂದ ಬಂದ ಅಂಕಿ. ಒಂಟಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳುವವರಿಗೆ ಎದುರಿನವರ ಮೇಲೆ ಪ್ರೀತಿ ಇದೆಯೋ ಇಲ್ಲವೋ ಎಂದು ಊಹಿಸಲು ಹೇಳಿದ್ದರು. ಎಲ್ಲ ಮಾತಿಗೂ ಇದು ಅನ್ವಯಿಸುವುದಿಲ್ಲ ಎಂದು ಅವರೇ ಹೇಳಿದ್ದಾರೆ. ಹಾಗೆ ಅನ್ವಯಿಸುವುದಾದರೆ ನಾನು ಕಿವಿಗೆ ಹತ್ತಿ ತುರುಕಿಕೊಂಡು ತಾಳಮದ್ದಳೆ ನೋಡಿ ಬರಬಹುದಿತ್ತು. ಯಕ್ಷಗಾನದ್ದೇ ಕಥೆ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಬೆಳಗಿನ ತನಕ ಜನ ಏಳುವುದಿಲ್ಲ.

ತಾಳಮದ್ದಳೆಯ ಹೆಸರು ಬಂತಲ್ಲ, ಅದರಿಂದ ಒಂದು ಅಭ್ಯಾಸ ಎತ್ತಿಕೊಳ್ಳಿ. ಒಳ್ಳೆಯ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವರು, ತನ್ನ ವಾದಕ್ಕೆ ಸೀದಾ ಹಾರುವುದಿಲ್ಲ. ರಾಮನ ಪಾತ್ರ ಮಾಡುವವರು ವಾಲಿಯ ಆಕ್ಷೇಪವನ್ನು ಮೊದಲು ತಮ್ಮ ಬಾಯಿಂದ ಹೇಳುತ್ತಾರೆ, ‘ಮರೆಯಲ್ಲಿ ನಿಂತು ಬಾಣ ಬಿಟ್ಟೆ ಎಂಬುದಲ್ಲವೇ ನಿನ್ನ ದೂರು?’ ಎಂದು. ಅದೂ ವಾಲಿ ಹೇಳಿದ್ದಕ್ಕಿಂತ ಚೆನ್ನಾಗಿ. ಆಮೇಲೆ ಉತ್ತರ. ಚಿಕ್ಕವಳಿದ್ದಾಗ ಅಪ್ಪಯ್ಯನ ಜೊತೆ ಹೋಗಿ ನಿದ್ದೆಗಣ್ಣಲ್ಲಿ ಕೇಳಿದ್ದು. ಧಾರವಾಡದಲ್ಲಿ ‘ಸಕ್ರಿಯ ಆಲಿಸುವಿಕೆ’ ಎಂಬ ಪಾಠ ಬಂದಾಗ, ಇದೆಲ್ಲಾ ನಮ್ಮೂರ ದೇವಸ್ಥಾನದ ಚಾವಡಿಯಲ್ಲೇ ಇತ್ತಲ್ಲ ಅನಿಸಿತು. ಜಗಳದ ಮೀಟಿಂಗಿನಲ್ಲಿ ಇದನ್ನು ಮಾಡಿ ನೋಡಿ. ಎದುರಿನವರ ದೂರನ್ನು ಅವರೇ ‘ಹೌದು, ಅದೇ’ ಎನ್ನುವ ಹಾಗೆ ಹೇಳುವ ತನಕ ನಿಮ್ಮ ಸರದಿ ಇಲ್ಲ.

ಮನೆಯಲ್ಲಿ, ಕೈಗೆ ಎಣ್ಣೆ ಹಚ್ಚಿಕೊಂಡು

ಮನೆ ವಿಷಯದಲ್ಲಿ ನನ್ನ ಓದು ತಡವಾಗಿ ಕೆಲಸಕ್ಕೆ ಬಂತು. ಮಗಳು ಶಾಲೆಯಿಂದ ಬಂದ ಕೂಡಲೇ ನನ್ನ ಪ್ರಶ್ನೆಗಳು ಸಾಲಾಗಿ ನಿಂತಿರುತ್ತಿದ್ದವು. ಡಬ್ಬಿ ಖಾಲಿ ಮಾಡಿದ್ಯಾ? ಟೆಸ್ಟ್ ಹೇಗಾಯ್ತು? ಎಂತಕ್ಕೆ ಮುಖ ಹೀಗಿದ್ದು? ಎಲ್ಲದಕ್ಕೂ ಉತ್ತರ, ‘ಎಂತೂ ಇಲ್ಲೆ.’ ಹೌದು ಅಥವಾ ಇಲ್ಲ ಎಂದು ಮುಗಿಸಬಹುದಾದ ಪ್ರಶ್ನೆ ಕೇಳಬೇಡಿ ಎಂದು ಪತ್ರಿಕೋದ್ಯಮದ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು. ಮಂತ್ರಿಗೆ ಕೇಳುವಾಗ ನೆನಪಿರುತ್ತಿತ್ತು, ಮಗಳಿಗೆ ಕೇಳುವಾಗ ಇಲ್ಲ.

ಅವಳು ಹತ್ತನೇ ತರಗತಿ ಮುಗಿಸಿದ ಮೇ ತಿಂಗಳು. ತವರಿಂದ ಹಲಸಿನಕಾಯಿ ಬಂದಿತ್ತು, ಹಪ್ಪಳಕ್ಕೆ. ಹಿತ್ತಿಲ ಬಾಗಿಲಲ್ಲಿ ಹಳೇ ಪೇಪರ್ ಹಾಸಿ, ಇಬ್ಬರೂ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸುತ್ತಾ ಕೂತಿದ್ದೆವು. ಎದುರುಬದುರಲ್ಲ, ಒಂದೇ ಕಡೆ ಮುಖ ಮಾಡಿ. ನಾನು ಏನೂ ಕೇಳಿರಲಿಲ್ಲ. ಬೇಳೆ ಒಂದು ಕಡೆ, ಸೊಳೆ ಒಂದು ಕಡೆ ಹಾಕುತ್ತಾ ಅವಳೇ ಹೇಳಿದಳು:

‘ಆಯಿ, ನಾ ಸೈನ್ಸ್ ತಗತ್ನಿಲ್ಲೆ.’

ನನ್ನ ನಾಲಿಗೆ ಮೇಲೆ ಒಂದು ಭಾಷಣ ತಯಾರಾಗಿ ನಿಂತಿತ್ತು. ಮಾರ್ಕ್ಸು, ಮುಂದಿನ ದಾರಿ, ಪಕ್ಕದ ಮನೆ ಹುಡುಗ, ಎಲ್ಲ. ಕೈಯಲ್ಲಿ ಮೇಣ ಇದ್ದದ್ದು ಒಳ್ಳೆಯದಾಯಿತು. ಮೇಣ ಒರೆಸುತ್ತಾ ಮನಸ್ಸಲ್ಲೇ ಎಣಿಸಿದೆ. ಒಂದು, ಎರಡು, ಮೂರು. ‘ಹೂಂ’ ಎಂದೆ, ಅಷ್ಟೇ. ಮತ್ತೆ ಮೂರು. ಆಗ ಎರಡನೇ ವಾಕ್ಯ ಬಂತು, ಹಾಸ್ಟೆಲಿಗೆ ತುಂಬಾ ದುಡ್ಡಾಗುತ್ತದಂತೆ ಅಂತ. ಆಮೇಲೆ ಮೂರನೆಯದು, ಅಪ್ಪ ಫೋನಿನಲ್ಲಿ ಯಾರಿಗೋ ‘ಈ ವರ್ಷ ಕಷ್ಟ’ ಅಂದದ್ದು ಕೇಳಿಸಿತು ಅಂತ. ಮನೆಯವರು ಹೇಳಿದ್ದು ಮನೆಯ ಹಂಚು ಬದಲಿಸುವ ವಿಷಯ! ಅವರು ಕಳಿಸದೇ ಇದ್ದ ಸುದ್ದಿಯನ್ನು ಅವಳು ಪಡೆದು, ವಾರಗಟ್ಟಲೆ ಒಳಗಿಟ್ಟುಕೊಂಡು ಓಡಾಡಿದ್ದಳು. ಮೊದಲ ವಾಕ್ಯಕ್ಕೇ ನಾನು ಉತ್ತರ ಕೊಟ್ಟಿದ್ದರೆ ಮೂರನೆಯದು ಹೊರಗೆ ಬರುತ್ತಲೇ ಇರಲಿಲ್ಲ.

ಕೊನೆಗೂ ಅವಳು ಕಾಮರ್ಸೇ ತಗೊಂಡಳು, ಅದು ಬೇರೆ ಮಾತು. ದುಡ್ಡಿನ ಕಾರಣಕ್ಕಲ್ಲ, ಲೆಕ್ಕಪತ್ರ ಅವಳಿಗೆ ನಿಜವಾಗಿ ಇಷ್ಟ.

ಹೀಗೆ ಮಾಡಿ ಅನ್ನುವುದಾದರೆ: ಮಕ್ಕಳನ್ನು ಎದುರು ಕೂರಿಸಿ ‘ಬಾ, ಮಾತಾಡುವಾ’ ಎನ್ನಬೇಡಿ. ಕೈಗೆ ಕೆಲಸ ಕೊಡಿ, ನೀವೂ ಅದೇ ಕೆಲಸ ಮಾಡಿ. ಬೀನ್ಸ್ ಮುರಿಯುವುದು, ಬಟ್ಟೆ ಮಡಚುವುದು, ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದು, ಯಾವುದೂ ಆದೀತು. ಮೊದಲ ವಾಕ್ಯಕ್ಕೆ ಉತ್ತರ ಕೊಡಬೇಡಿ.

ಥಾಮಸ್ ಗಾರ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಹೇಳಿಕೊಟ್ಟ ಇನ್ನೊಂದು ಉಪಾಯ ಇದೆ. ‘ನೀನು’ ಎಂದು ಶುರು ಮಾಡುವ ಬದಲು ‘ನನಗೆ’ ಎಂದು ಶುರು ಮಾಡುವುದು. ‘ನೀನು ಯಾವಾಗಲೂ ಲೇಟು’ ಬೇಡ, ‘ಏಳು ಗಂಟೆಯಾದರೂ ನೀ ಬರಲಿಲ್ಲ, ನನಗೆ ಹೆದರಿಕೆ ಆಯ್ತು’ ಅನ್ನಿ. ಕನ್ನಡದಲ್ಲಿ ಇದು ಸುಲಭ. ಹಸಿವೆ, ಸಿಟ್ಟು, ಹೆದರಿಕೆ ಎಲ್ಲವೂ ನಮ್ಮಲ್ಲಿ ‘ನನಗೆ’ ಆಗುವಂಥವೇ. ಆದರೆ ನಾವು ಅಮ್ಮಂದಿರು ಇದನ್ನು ಕೆಡಿಸುತ್ತೇವೆ. ‘ನನಗೆ ಎಷ್ಟು ಬೇಜಾರಾಯ್ತು ಗೊತ್ತಾ’ ಎಂದು ದಿನಕ್ಕೆ ನಾಲ್ಕು ಸಲ ಅಂದರೆ ಅದು ಬೈಗುಳವೇ. ಮಗ ಒಂಬತ್ತು ವರ್ಷದ ಮಾಣಿ, ಒಮ್ಮೆ ತಿರುಗಿ ಹೇಳಿದ: ‘ಆಯಿ, ನಿಂಗೆ ಬೇಜಾರಾಗ್ದೇ ಇದ್ದ ದಿನ ಹೇಳು.’

ಕಾರವಾರದ ತರಗತಿ

ಪಾಠ ಮಾಡಲು ಬಂದದ್ದು ಮದುವೆಯಾಗಿ ಕಾರವಾರಕ್ಕೆ ಬಂದು ಕೆಲವು ವರ್ಷದ ಮೇಲೆ, ಅತಿಥಿ ಉಪನ್ಯಾಸಕಿಯಾಗಿ. ನಿಮಗೂ ಈ ದಾರಿ ಹಿಡಿಯುವ ಮನಸ್ಸಿದ್ದರೆ, ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ 55% ಅಂಕ (ಮೀಸಲಾತಿ ವರ್ಗಗಳಿಗೆ 50%) ಮತ್ತು ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ರಾಜ್ಯದ್ದು) ಬೇಕು. ಹೊರಗೆ ಕೆಲಸ ಮಾಡುತ್ತಿರುವಾಗಲೇ ಆ ಪರೀಕ್ಷೆ ಮುಗಿಸಿಕೊಳ್ಳಿ. ನಾನು ಮುಂದೂಡಿ ಮುಂದೂಡಿ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಓದಿದೆ.

ಮೊದಲ ವರ್ಷ ನಾನು ಪ್ರಶ್ನೆ ಕೇಳಿ ನಾನೇ ಉತ್ತರ ಹೇಳುತ್ತಿದ್ದೆ. ಮೇರಿ ಬಡ್ ರೋ ಎಂಬವರು ಅಮೆರಿಕದ ವಿಜ್ಞಾನ ತರಗತಿಗಳಲ್ಲಿ ಧ್ವನಿಮುದ್ರಣ ಮಾಡಿ, 1970ರ ದಶಕದಲ್ಲಿ ಇದನ್ನೇ ತೋರಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ‘ಗೊತ್ತಿಲ್ಲ’ ಕಡಿಮೆಯಾಗುತ್ತದೆ, ಸಾಮಾನ್ಯವಾಗಿ ಬಾಯಿ ಬಿಡದವರೂ ಮಾತಾಡುತ್ತಾರೆ. ಇನ್ನೊಂದು ಸಲವೂ ಕಾಯಬೇಕು, ಉತ್ತರ ಬಂದ ಮೇಲೆ. ನಾವು ಅಲ್ಲಿ ‘ಗುಡ್’ ಎಂದು ಮುಚ್ಚಿಬಿಡುತ್ತೇವೆ. ಹಲಸಿನಕಾಯಿಯ ಮುಂದೆ ನಾನು ಎಣಿಸಿದ ಮೂರು ಇದೇ.

ಇಲ್ಲಿ ಕಾಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನನ್ನ ತರಗತಿಯಲ್ಲಿ ಮನೆಮಾತು ಕನ್ನಡ ಇರುವವರು ಕೆಲವರೇ. ಸದಾಶಿವಗಡ, ಮಾಜಾಳಿ ಕಡೆಯವರಿಗೆ ಕೊಂಕಣಿ, ಕೆಲವರಿಗೆ ಮರಾಠಿ, ಕೆಲವರಿಗೆ ಉರ್ದು. ಅಂಕೋಲೆಯ ಹಾಲಕ್ಕಿ ಸಮುದಾಯದ ಹುಡುಗಿಯ ಕನ್ನಡ ಬೇರೆ, ನನ್ನ ಹವ್ಯಕ ಕನ್ನಡ ಬೇರೆ. ಪ್ರಶ್ನೆ ಒಂದು ಭಾಷೆಯಲ್ಲಿ ಒಳಗೆ ಹೋಗಿ, ಇನ್ನೊಂದರಲ್ಲಿ ತಿರುಗಿ, ಮತ್ತೆ ಹೊರಗೆ ಬರಬೇಕು. ಕಾಯಲು ಕಷ್ಟವಾದರೆ ನೀರಿನ ಬಾಟಲಿ ಮುಚ್ಚಳ ತೆಗೆದು ಒಂದು ಗುಟುಕು ಕುಡಿಯಿರಿ. ಸರಿಯಾಗಿ ಮೂರು ಸೆಕೆಂಡ್ ಆಗುತ್ತದೆ.

ಪಾಠದ ಅರ್ಧವನ್ನು ನಾನು ಹೊರಗೆ ಕಳಿಸಿಯೇ ಮಾಡಿಸುತ್ತೇನೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ‘ಯಾಂತ್ರೀಕೃತ ದೋಣಿಗಳು ಹಾಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಸಾಮರ್ಥ್ಯದ ಮೋಟರೀಕೃತ ದೋಣಿಗಳು’ ಕಡಲಿಗೆ ಇಳಿಯಬಾರದು ಎಂದು ಆದೇಶದಲ್ಲಿರುತ್ತದೆ. ಇದನ್ನು ಇಲ್ಲಿನ ಬೈತಖೋಲ ಬಂದರಿನವರಿಗೆ ತಿಳಿಯುವ ಹಾಗೆ ಒಂದು ಹಾಳೆಯಲ್ಲಿ ಬರೆಯಿರಿ ಎಂದೆ. ನಾನೂ ಒಂದು ಮಾದರಿ ಬರೆದು ತೋರಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ಅವನ ಮನೆಯವರದ್ದೇ ಬೋಟ್ ಇದೆ, ಕೈ ಎತ್ತಿದ. ‘ಮೇಡಂ, ಅಶ್ವಶಕ್ತಿ ಅಂತ ನಮ್ಮಲ್ಲಿ ಯಾರೂ ಹೇಳಲ್ಲ, ಹತ್ತು ಎಚ್‌ಪಿ ಅನ್ನಿ. ಯಾಂತ್ರೀಕೃತ ಬೇಡ, ಟ್ರಾಲ್ ಬೋಟ್, ಪರ್ಸಿನ್ ಬೋಟ್ ಅನ್ನಿ. ಮತ್ತೆ ನಾಡದೋಣಿಯವರಿಗೆ ನೀವು ಏನೂ ಹೇಳಲೇ ಇಲ್ಲ. ಅವರು ಹೋಗಬಹುದಾ ಇಲ್ವಾ, ಮೊದಲು ಕೇಳುವುದು ಅದನ್ನೇ.’ ನಾನು ನೀರು ಕುಡಿದೆ. ಆಮೇಲೆ ಸುಣ್ಣದಕಡ್ಡಿಯನ್ನು ಅವನ ಕೈಗೇ ಕೊಟ್ಟೆ.

ಇನ್ನೊಂದು ದಿನ ಹೇಳಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಆ ವಾರ ಎಲ್ಲರ ಫೋನಿನಲ್ಲೂ ವಿಡಿಯೋಗಳು. ನಮ್ಮ ಮನೆಯ ಗುಂಪಿಗೂ ಒಂದು ಬಂತು, ನಾನೇ ಅದನ್ನು ಮುಂದೆ ಕಳಿಸಲು ಬೆರಳು ಇಟ್ಟಿದ್ದೆ. ತರಗತಿಯಲ್ಲಿ ತೋರಿಸಿದಾಗ ಒಬ್ಬಳು ಮೆಲ್ಲಗೆ ಹೇಳಿದಳು, ‘ಮೇಡಂ, ಇದರಲ್ಲಿ ಬಿಸಿಲಿದೆ.’ ಹೊರಗೆ ದಿನಗಟ್ಟಲೆ ಬಿಡದೆ ಮಳೆ. ಈಗ ಯಾವ ವಿಡಿಯೋ ಬಂದರೂ ನಾನು ಮಕ್ಕಳಿಗೆ ಮೂರು ವಿಷಯ ನೋಡಲು ಹೇಳುತ್ತೇನೆ: ಆಕಾಶ, ಗಾಡಿಗಳ ನಂಬರ್ ಪ್ಲೇಟ್, ಹಿಂದೆ ಕೇಳುವ ಜನರ ಮಾತು ಯಾವ ಊರಿನದು ಎಂಬುದು. ಮನೆಯಲ್ಲಿ ಅತ್ತೆಯವರಿಗೂ ಇದೇ ಪಾಠ. ಅವರು ನನಗಿಂತ ಚುರುಕು, ಮಾತಿನ ರಾಗದ ಮೇಲೆಯೇ ಊರು ಹೇಳುತ್ತಾರೆ.

ಕಳೆದ ಬೇಸಿಗೆಯಲ್ಲಿ ತವರಿಗೆ ಹೋಗಿದ್ದೆ. ಕೊಟ್ಟಿಗೆಯ ಕಂಬಕ್ಕೆ ನನ್ನ ಎರಡನೇ ಕರಪತ್ರ ಇನ್ನೂ ಅಂಟಿಕೊಂಡಿತ್ತು, ಅಂಚೆಲ್ಲ ಗೆದ್ದಲು ತಿಂದು. ಕತ್ತಿ ಅದ್ದಿ ನೋಡಿ ಎಂಬ ಸಾಲಿನ ಪಕ್ಕದಲ್ಲಿ ಅಪ್ಪಯ್ಯ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದರು: ‘ಅಡುಗೆಮನೆ ಕತ್ತಿ ಬೇಡ.’